ಮೂರು ಬೆರಳು ಸಾಲದ ಗೋಡೆ

ಮಾರ್ಚ್ ೩, ಸೋಮವಾರ

ಮನೆ ಮಾರುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ನಾನೇ, ಆದ್ದರಿಂದ ಯಾರ ಮೇಲೂ ಸಿಟ್ಟಿಲ್ಲ. ನೂಲಿನ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಗುಂಡಿ ಡಬ್ಬದ ಕೆಳಗೆ ಬಿದ್ದಿತ್ತು. ಅಕ್ಕನಿಗೆ ಹೇಳಲಾಗದ್ದನ್ನು ಎಲ್ಲಾದರೂ ಹೇಳಬೇಕಲ್ಲ ಎಂದು ಇವತ್ತು ಧೂಳು ಕೊಡವಿ ತೆಗೆದೆ.

ಸಂಗತಿ ಇಷ್ಟು. ಅರವತ್ತರ ಹತ್ತಿರ ಬಂದ ನನ್ನ ಅಕ್ಕ ಮದುವೆಯಾಗುತ್ತಿದ್ದಾಳೆ! ಅಂಚೆ ಕಚೇರಿಯ ಕೌಂಟರಿನಲ್ಲಿ ಜೀವಮಾನವೆಲ್ಲ ಕೂತು ಯಾರನ್ನೂ ತಲೆ ಎತ್ತಿ ನೋಡದವಳು, ನಿವೃತ್ತಿಯಾದ ಮೇಲೆ ಕನ್ನಡಕ ಮಾಡಿಸಲು ಹೋಗಿ ಕನ್ನಡಕದ ಅಂಗಡಿಯವನನ್ನೇ ಒಪ್ಪಿಕೊಂಡು ಬಂದಳು. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತಂತೆ. ಬಾಡಿಗೆ ಅಂಗಡಿ, ಅದರ ಹಿಂದೆಯೇ ಒಂದು ಕೋಣೆಯಲ್ಲಿ ವಾಸ. ಈಗ ಆ ಕಟ್ಟಡವನ್ನು ಕೆಡವುತ್ತಾರಂತೆ.

"ಪುಟ್ಟಿ, ಅವರು ಇಲ್ಲಿಗೇ ಬಂದ್ರೆ ಹೇಗೆ? ಅಪ್ಪನ ಕತ್ತರಿ ಕೋಣೇಲಿ ಅವರ ಮೇಜು ಕೂರುತ್ತಾ ನೋಡೇ" ಎಂದು ಅಕ್ಕ ಹೋದ ವಾರ ಮೆಲ್ಲಗೆ ಕೇಳಿದಳು. ನನಗೆ ಐವತ್ತು ದಾಟಿದರೂ ಅವಳಿಗೆ ನಾನು ಪುಟ್ಟಿಯೇ. ಮೇಜು ಎಂದರೆ ಅಂತಿಂಥದ್ದಲ್ಲ. ಕನ್ನಡಕದ ಗಾಜಿನ ಅಂಚು ಉಜ್ಜುವ ಯಂತ್ರವನ್ನು ಒಂದೇ ಹಾಸುಗಲ್ಲಿನ ಮೇಲೆ ಕೂರಿಸಿದ ಮೇಜು. ಕತ್ತರಿಸುವಂತಿಲ್ಲ, ಮಡಚುವಂತಿಲ್ಲ. ಕಣ್ಣಿಗೆ ಹೊಡೆಯದ ಬೆಳಕು ಬೇಕಾದ್ದರಿಂದ ಉತ್ತರದ ಕಿಟಕಿಯ ಕೆಳಗೇ ಇರಬೇಕು. ಅಕ್ಕ ಅದರ ಉದ್ದವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನಾನು ಅಪ್ಪನ ಕಾಲದ ಹೊಲಿಗೆ ಟೇಪು ಹಿಡಿದು ಬಾಗಿಲಿನಿಂದ ಗೋಡೆ ಬೀರುವಿನ ತನಕ ಅಳೆದೆ. ಮೂರು ಬೆರಳು ಸಾಲದು. ಎರಡನೇ ಸಲ ಅಳೆದೆ. ಆಗಲೂ ಮೂರು ಬೆರಳು ಸಾಲದು.

"ಕೂರಲ್ಲ ಅಕ್ಕಾ" ಎಂದೆ. ಅವಳ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ನಾನೇ ಅಂದೆ: "ನೀವಿಬ್ರೂ ಅಂಗಡಿ ಸಮೇತ ಇರೋ ಮನೆ ನೋಡ್ಕೊಳ್ಳಿ. ಇದನ್ನ ಮಾರಿ ಹಂಚ್ಕೊಳ್ಳೋಣ. ನಂಗೊಬ್ಬಳಿಗೆ ಇಷ್ಟು ದೊಡ್ಡ ಮನೆ ಯಾಕೆ?"

ಅಕ್ಕ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. "ನಿಂಗೆ ಹಾಗನ್ಸಿದ್ರೆ ಸರಿ" ಎಂದಳು. ಸರಿ ಎಂದರೆ ಸರಿ.

ಮಾರ್ಚ್ ೫, ಬುಧವಾರ

ದಲ್ಲಾಳಿ ಬಂದಿದ್ದ. ಮಾತಿಗೆ ಮುಂಚೆ "ಸೂಪರ್" ಅನ್ನುವ ಆಸಾಮಿ. ಗೇಟು ಸೂಪರ್, ಬಾವಿಯಿಲ್ಲದ್ದು ಸೂಪರ್, ಬಚ್ಚಲು ಸೂಪರ್. ಗೇಟಿಗೆ "ಮನೆ ಮಾರಾಟಕ್ಕಿದೆ" ಎಂಬ ಹಲಗೆ ತೂಗುಹಾಕಿದ. ಜಾಹೀರಾತಿಗೆ ನಾಲ್ಕು ಸಾಲು ಬರೆದುಕೊಡಿ ಎಂದ. "ನಾಲ್ಕು ಸಾಲಲ್ಲಿ ಏನು ಬರೀಲಿ, ಇದೇನು ನಾಲ್ಕು ಅಂಚು ಮಡಚಿ ಹೊಲಿದ್ರೆ ಮುಗಿಯೋ ಟವೆಲ್ಲಾ?" ಎಂದೆ. ಕೂತು ಬರೆದದ್ದು ಎರಡು ಪುಟವಾಯಿತು. ಅವನು ಅದರಲ್ಲಿ ಒಂದು ಸಾಲು ಇಟ್ಟುಕೊಂಡು ಉಳಿದದ್ದಕ್ಕೆ ಕೈಮುಗಿದ. ಉಳಿದದ್ದು ಹಾಳಾಗಬಾರದು, ಇಲ್ಲಿರಲಿ.

ಒಂದೇ ಅಂತಸ್ತು. ಗೇಟಿನಿಂದ ಹಿತ್ತಲಿನವರೆಗೆ ಒಂದು ಮೆಟ್ಟಿಲೂ ಇಲ್ಲ, ಎಡವಲು ಹೊಸ್ತಿಲೂ ಇಲ್ಲ. ಒಳಗೆ ಬಂದರೆ ವರಾಂಡ. ಬಲಕ್ಕೆ ಹೊಲಿಗೆ ಕೋಣೆ, ಅದರ ಕಿಟಕಿ ಬೀದಿಗೆ. ಎಡಕ್ಕೆ ಅಪ್ಪನ ಕತ್ತರಿ ಕೋಣೆ, ಉತ್ತರಕ್ಕೆ ಕಿಟಕಿ. ಈಗ ಅದರ ತುಂಬ ತುಂಡುಬಟ್ಟೆಯ ಗಂಟುಗಳು. ನಡುವೆ ಹಜಾರ. ಹಜಾರದ ಆಚೆ ಅಕ್ಕನ ಕೋಣೆ, ನನ್ನ ಕೋಣೆ ಎದುರುಬದುರು. ಕೊನೆಗೆ ಅಡುಗೆಮನೆ, ಅದಕ್ಕೆ ಗೋಡೆಯುದ್ದದ ಕಿಟಕಿ, ಹಿಂಬಾಗಿಲು, ಹಿತ್ತಲಲ್ಲಿ ನಿಂಬೆಗಿಡ. ಬೆಳಗಿನ ಬಿಸಿಲು ಅಡುಗೆಮನೆಗೆ, ಸಂಜೆಯದು ಹೊಲಿಗೆ ಕೋಣೆಗೆ. ಹೊಲಿಗೆ ಮಿಷಿನ್ನಿನ ಮುಂದೆ ಕೂತು ಕುತ್ತಿಗೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದರೆ ಹಜಾರ ದಾಟಿ, ಅಡುಗೆಮನೆ ದಾಟಿ, ನಿಂಬೆಗಿಡದವರೆಗೆ ಕಾಣುತ್ತದೆ. ಯಾವ ಮೂಲೆಯಿಂದ ಕರೆದರೂ ಯಾವ ಮೂಲೆಗೂ ಕೇಳಿಸುತ್ತದೆ.

ಕಟ್ಟಿಸುವಾಗ ಎಲ್ಲರೂ ಮೇಲೊಂದು ಮಹಡಿ ಹಾಕಿಸಿ ಅಂದರಂತೆ. "ಬೇಡಪ್ಪಾ, ಮಹಡಿ ಮೇಲಿರೋರನ್ನ ಊಟಕ್ಕೆ ಕರೆಯೋಷ್ಟರಲ್ಲಿ ಊಟ ಆರಿಹೋಗುತ್ತೆ" ಅಂದನಂತೆ ಅಪ್ಪ. ಅಪ್ಪ ದರ್ಜಿ. ಮೇಸ್ತ್ರಿಯ ಅಳತೆ ನಂಬದೆ ತನ್ನ ಟೇಪಿನಿಂದಲೇ ಮನೆಯನ್ನೆಲ್ಲ ಅಳೆದು ಕಟ್ಟಿಸಿದ. ಪ್ರತಿ ಕೋಣೆಯನ್ನೂ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಮಾಡಿಸಿದ. ಬಟ್ಟೆ ಹೊಲಿಯುವಾಗ ಒಳಗೆ ಒಂದಿಷ್ಟು ಮಡಚಿಟ್ಟು ಹೊಲಿಯುತ್ತೇವಲ್ಲ, ಮುಂದೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಲು, ಹಾಗೆ. "ಒಳಗೆ ಬಟ್ಟೆ ಬಿಡದೆ ಹೊಲಿಯೋನು ದರ್ಜಿಯಲ್ಲ" ಎಂದು ನನಗೂ ಕಲಿಸಿದ.

ಓದಿ ನೋಡಿದರೆ ನನಗೇ ಈ ಮನೆ ಕೊಳ್ಳಬೇಕು ಅನಿಸಿತು. ದಲ್ಲಾಳಿಗಿಂತ ನಾನೇ ವಾಸಿ.

ಮಾರ್ಚ್ ೯, ಭಾನುವಾರ

ಮೊದಲ ಗಿರಾಕಿಗಳು. ಗಂಡ, ಹೆಂಡತಿ, ಗಂಡನ ಕಾರಿನ ಕೀಲಿಕೈ. ಮೂರನೆಯದನ್ನು ಅವನು ಬೆರಳಲ್ಲಿ ತಿರುಗಿಸಿದ್ದೇ ತಿರುಗಿಸಿದ್ದು. ಹೊಸದಾಗಿ ಹೊಲಿದು ಹಾಕಿದ್ದ ಪರದೆಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಇಬ್ಬರೂ ಕತ್ತು ಮೇಲೆತ್ತಿ ತಾರಸಿಯನ್ನೇ ನೋಡುತ್ತಿದ್ದರು.

"ಮೇಲೆ ಎರಡು ಫ್ಲೋರ್ ಎಬ್ಬಿಸ್ಬಹುದು ಅಲ್ವಾ?" ಎಂದ.

"ಎಬ್ಬಿಸ್ಬಹುದು. ಆದ್ರೆ ಅದು ಎದ್ದೇಳಲ್ಲ" ಎಂದೆ.

ದಲ್ಲಾಳಿ ಉಗುಳು ನುಂಗಿಕೊಂಡ. ಅವರು ಹೋದ ಮೇಲೆ ಅಕ್ಕ "ಹೀಗೆಲ್ಲ ಮಾತಾಡಿದ್ರೆ ಯಾರು ತಗೋತಾರೇ?" ಎಂದು ಗದರಿ, ಅಡುಗೆಮನೆಗೆ ಹೋಗಿ ನಕ್ಕಳು. ಕರೆದದ್ದಷ್ಟೇ ಅಲ್ಲ, ನಕ್ಕದ್ದೂ ಈ ಮನೆಯಲ್ಲಿ ಎಲ್ಲ ಮೂಲೆಗೂ ಕೇಳಿಸುತ್ತದೆ.

ಮಾರ್ಚ್ ೧೧, ಮಂಗಳವಾರ

ಬಟ್ಟೆ ಅಂಗಡಿಯವನ ಜೊತೆ ಮಾಮೂಲಿ ಜಗಳ. ಅವನು ಅಳೆದು ಕೊಟ್ಟಿದ್ದನ್ನು ಮನೆಗೆ ತಂದು ಅಳೆದರೆ ಯಾವತ್ತೂ ಒಂದು ಗೇಣು ಕಮ್ಮಿ. ವರ್ಷಗಳಿಂದ ಹೀಗೆಯೇ. ನಾನೂ ಬಿಡುವವಳಲ್ಲ, ವಾಪಸು ಹೋಗಿ ಬಾಯಿ ಮಾಡಿದೆ. ಅವನು ಕತ್ತರಿ ತೆಗೆದು ಒಂದು ಪಟ್ಟಿ ಹೆಚ್ಚಿಗೆ ಕೊಟ್ಟು, "ತಗೊಳ್ಳಮ್ಮಾ, ನಿಮ್ಮ ಬಾಯಿಗೆ ಇದು" ಎಂದ. ಕಳ್ಳ. ಗೆದ್ದ ಖುಷಿಯಲ್ಲಿ ಮನೆಯವರೆಗೆ ನಡೆದದ್ದೇ ತಿಳಿಯಲಿಲ್ಲ.

ಈಚೆಗೆ ಸೂಜಿ ಮಾಡುವವರೂ ಹಾಳಾಗಿದ್ದಾರೆ. ಕಣ್ಣು ಸಣ್ಣದು ಮಾಡಿಬಿಟ್ಟಿದ್ದಾರೆ, ನೂಲು ಹೋಗುವುದೇ ಇಲ್ಲ.

ಮಾರ್ಚ್ ೧೩, ಗುರುವಾರ

ಯಾರೂ ಬರಲಿಲ್ಲ. ಹಾಯಾಗಿತ್ತು.

ಮಾರ್ಚ್ ೧೬, ಭಾನುವಾರ

ಅವನು ಬಂದಿದ್ದ, ಕನ್ನಡಕದವನು. ಅಕ್ಕ ಬೆಳಗಿನಿಂದ ಒಂದೇ ಕುರ್ಚಿಯನ್ನು ನಾಲ್ಕು ಕಡೆ ಇಟ್ಟು ನೋಡಿದಳು. ಮನುಷ್ಯ ತೆಳ್ಳಗೆ, ಎತ್ತರ, ಮಾತು ಕಮ್ಮಿ. ಹೆಗಲು ಎರಡೂ ಒಂದೇ ಮಟ್ಟ, ಇದು ಅಪರೂಪ. ನಮ್ಮ ಕಸುಬಿನವರಿಗೆ ಮೊದಲು ಕಾಣುವುದು ಅದೇ. ಇಷ್ಟು ಬಿಟ್ಟರೆ ಹೊಗಳುವಂಥದ್ದು ಏನೂ ಕಾಣಲಿಲ್ಲ.

ಮನೆ ತೋರಿಸು ಎಂದು ಅಕ್ಕ ನನಗೇ ಹೇಳಿದಳು. ಮಾರುವ ಮನೆಯನ್ನು ಕೊಳ್ಳದವನಿಗೆ ಏಕೆ ತೋರಿಸಬೇಕೋ. ಆದರೂ ತೋರಿಸಿದೆ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು "ಇಲ್ಲಿ ಬೆಳಿಗ್ಗೆ ಪೇಪರ್ ಓದೋರು ಯಾರು?" ಎಂದು ಕೇಳಿದ. "ಯಾರೂ ಇಲ್ಲ. ಇಬ್ಬರೂ ಜಗಳ ಆಡ್ತೀವಿ" ಎಂದೆ. ಅವನು ನಕ್ಕಿದ್ದು ಸದ್ದಿಲ್ಲದೆ, ಹೆಗಲಿನಲ್ಲಿ.

ಚಹಾ ತರಲು ಹೋಗಿ ಬಂದರೆ ಕತ್ತರಿ ಕೋಣೆಯಲ್ಲಿ, ಉತ್ತರದ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ಕಂಡು ತಟ್ಟನೆ ಎದ್ದು, ಜೇಬಿಗೆ ಏನೋ ಇಳಿಬಿಟ್ಟು, "ಗುಂಡಿ ಬಿದ್ದಿತ್ತು" ಎಂದು ಒಂದು ಬಿಳಿ ಗುಂಡಿ ಕೈಗಿಟ್ಟ. ಆ ಕೋಣೆಯಲ್ಲಿ ಗುಂಡಿ ಬೀಳದ ಜಾಗವೇ ಇಲ್ಲ. ಅದಕ್ಕೆ ಇಷ್ಟು ಸಂಕೋಚ ಯಾಕೆ? ವಿಚಿತ್ರ ಮನುಷ್ಯ.

ಹೋಗುವ ಮುಂಚೆ ನಾನು ಸೂಜಿಗೆ ನೂಲು ಪೋಣಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದ. ಸೂಜಿಯನ್ನು ತೋಳುದ್ದ ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಬೈದುಕೊಂಡು ನೂಲು ಪೋಣಿಸುವುದು ನನ್ನ ಪದ್ಧತಿ.

"ಒಂದ್ಸಲ ಅಂಗಡಿಗೆ ಬನ್ನಿ, ಕಣ್ಣು ನೋಡೋಣ" ಎಂದ.

"ನನ್ನ ಕಣ್ಣು ಚೆನ್ನಾಗೇ ಇದೆ. ಸೂಜಿಗಳೇ ಸರಿಯಿಲ್ಲ" ಎಂದೆ.

"ಹೌದು, ಈಗಿನ ಸೂಜಿಗಳು ಹಾಗೇ" ಎಂದ. ಒಪ್ಪಿಕೊಂಡುಬಿಟ್ಟ! ಜಗಳಕ್ಕೇ ಆಸ್ಪದವಿಲ್ಲದಂಥ ಮನುಷ್ಯನ ಜೊತೆ ಅಕ್ಕ ಹೇಗೆ ಕಾಲ ಕಳೆಯುತ್ತಾಳೋ.

ಮಾರ್ಚ್ ೧೯, ಬುಧವಾರ

ಅಕ್ಕನ ಬಲವಂತಕ್ಕೆ ಹೋಗಿ ಕಣ್ಣು ತೋರಿಸಿ ಬಂದದ್ದಾಯಿತು. ಇವತ್ತು ಕನ್ನಡಕ ಬಂತು. ಅಕ್ಕನ ಮನಸ್ಸು ನೋಯಿಸಬಾರದೆಂದು ಒಂದು ದಿನ ಹಾಕಿಕೊಂಡೆ.

ಹಜಾರದ ಮೂಲೆಗಳಲ್ಲಿ ಎಷ್ಟು ಜೇಡರಬಲೆ! ಬಂದ ಗಿರಾಕಿಗಳೆಲ್ಲ ಇದನ್ನು ನೋಡಿಕೊಂಡು ಹೋದರೇ? ಇಡೀ ದಿನ ಗುಡಿಸಿದೆ. ಅಕ್ಕನ ಕಿವಿಯ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿದೆ, ಅದೂ ಇವತ್ತೇ ಕಂಡದ್ದು. ಅವಳಿಗೆ ಚೆನ್ನಾಗಿ ಒಪ್ಪುತ್ತದೆ.

ಸೂಜಿಯ ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರ್ಚ್ ೨೧, ಶುಕ್ರವಾರ

ನನಗೊಂದು ಫ್ಲ್ಯಾಟು ನೋಡಿ ಬಂದೆ. ಬೇಕರಿಯ ಮೇಲೆ ಮೂರನೇ ಮಹಡಿ. ಒಂದು ಕೋಣೆ, ಒಂದು ಅಡುಗೆ ಮೂಲೆ, ಬ್ರೆಡ್ಡಿನ ವಾಸನೆ ಬಿಟ್ಟಿ. ಚೆನ್ನಾಗಿದೆ. ನನಗೆ ಸಾಕು. ಮಿಷಿನ್ನು ಕಿಟಕಿಯ ಹತ್ತಿರ ಇಡಬಹುದು. ಅಲ್ಲಿ ಕೂತು ಎಷ್ಟು ಕುತ್ತಿಗೆ ವಾಲಿಸಿದರೂ ಕಾಣುವುದು ಪಕ್ಕದ ಕಟ್ಟಡದ ಗೋಡೆ ಮಾತ್ರ, ಹಾಗಾಗಿ ಕೆಲಸ ಬೇಗ ಸಾಗುತ್ತದೆ. ಮಂಡಿನೋವಿನ ಗಿರಾಕಿಗಳಿಗೆ ಮೆಟ್ಟಿಲು ಹತ್ತುವುದು ಒಳ್ಳೆಯ ವ್ಯಾಯಾಮ.

ಅಲ್ಲಿ ನಿಂತು "ಅಕ್ಕಾ" ಎಂದು ಒಮ್ಮೆ ಕರೆದು ನೋಡಿದೆ, ಧ್ವನಿ ಹೇಗೆ ಕೇಳುತ್ತದೆ ಅಂತ. ಬೇಕರಿಯವನು ಏನಾಯಿತೋ ಎಂದು ಓಡಿಬಂದ. ನಾಚಿಕೆಯಾಯಿತು.

ಮಾರ್ಚ್ ೨೩, ಭಾನುವಾರ

ಮನೆ ಹೋಯಿತು. ಅಂದರೆ ಮಾತಾಯಿತು. ಹೆಂಡತಿ ನರ್ಸು, ಗಂಡ ಬಸ್ಸಿನ ಡ್ರೈವರು, ಮೂರು ಮಕ್ಕಳು. ಒಳ್ಳೆಯ ಜನ. ಮಹಡಿ ಎಬ್ಬಿಸುವ ಮಾತಿಲ್ಲ. ನರ್ಸಮ್ಮ ಅಡುಗೆಮನೆಯ ಕಿಟಕಿಯ ಮುಂದೆ ನಿಂತು, "ರಾತ್ರಿ ಪಾಳಿ ಮುಗಿಸಿ ಬಂದು ಇಲ್ಲಿ ಕೂತು ಒಂದು ಲೋಟ ಟೀ ಕುಡಿದ್ರೆ ಸಾಕು ನಂಗೆ" ಎಂದಳು. ಆ ಮಾತು ನನಗೆ ಹಿಡಿಸಿತು, ಅದಕ್ಕೇ ಅಷ್ಟು ಹಿತವಾಗಿ ಮನೆ ತೋರಿಸಿದೆ. ಯಾವ ಕಿಟಕಿಗೆ ಯಾವಾಗ ಬಿಸಿಲು ಬರುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ, ನಿಂಬೆಗಿಡಕ್ಕೆ ಎಷ್ಟು ನೀರು, ಎಲ್ಲ ಹೇಳಿದೆ. ದಲ್ಲಾಳಿ "ಮೇಡಂ, ನೀವು ನನ್ನ ಜೊತೆ ಕೆಲಸಕ್ಕೆ ಬನ್ನಿ, ಸೂಪರ್" ಎಂದ.

ಬರುವ ಭಾನುವಾರ ಮುಂಗಡ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು.

ಸಂಜೆ ಕನ್ನಡಕದವರು ಬಂದಾಗ ಅಕ್ಕ ವಿಷಯ ಹೇಳಿದಳು. ಅವರು ನನ್ನ ಮುಖ ನೋಡಿ, "ನಿಮಗೆ ಸಮಾಧಾನಾನಾ?" ಎಂದು ಕೇಳಿದರು. ಇಷ್ಟು ದಿನದಲ್ಲಿ ಇದನ್ನು ಕೇಳಿದವರು ಇವರೊಬ್ಬರೇ. "ಓಹೋ, ತುಂಬಾ" ಎಂದೆ. ಆಮೇಲೆ ಮೂವರೂ ಅಡುಗೆಮನೆಯಲ್ಲಿ ಕೂತು ಬ್ರೆಡ್ಡು ತಿಂದೆವು. ಅವರು ಕತ್ತರಿಸುವ ಬ್ರೆಡ್ಡಿನ ಹೋಳುಗಳೆಲ್ಲ ಒಂದೇ ದಪ್ಪ. ಕೈ ಪಳಗಿದೆ. ಇಂಥವರಿಗೆ ನಾನು ಎರಡು ವರ್ಷದಲ್ಲಿ ಅಂಗಿ ಕತ್ತರಿಸುವುದನ್ನೂ ಕಲಿಸಿಬಿಡುತ್ತಿದ್ದೆ.

ಮಾರ್ಚ್ ೨೫, ಮಂಗಳವಾರ

ಮದುವೆ ಸರಳವಾಗಿ, ರಿಜಿಸ್ಟ್ರಾರ್ ಕಚೇರಿಯಲ್ಲಿ. ಅವರಿಗೆ ಮದುವೆ ಅಂಗಿ ನಾನೇ ಹೊಲಿಯಬೇಕಂತೆ, ಅಕ್ಕನ ಆಸೆ. ಅಳತೆ ತೆಗೆದುಕೊಳ್ಳಲು ನನಗೆ ಮುಜುಗರ, ಕೊಡಲು ಅವರಿಗೂ. ಅವರ ಅಂಗಡಿಯ ಪಕ್ಕದ ದರ್ಜಿ ತೆಗೆದ ಅಳತೆಯನ್ನು ಕಳಿಸಿದ್ದಾರೆ. ತಿಳಿನೀಲಿ ಹತ್ತಿ ಬಟ್ಟೆ. ಹಗಲೆಲ್ಲ ಕೂತು ಕತ್ತರಿಸಿದೆ. ಕಾಲರಿಗೆ ಎರಡು ಸಲ ಕೈಹೊಲಿಗೆ ಹಾಕಿದೆ. ಇಷ್ಟು ಮುತುವರ್ಜಿಯಿಂದ ಯಾರಿಗೂ ಹೊಲಿದಿರಲಿಲ್ಲ. ಅಕ್ಕನ ಮರ್ಯಾದೆಯ ಪ್ರಶ್ನೆ, ಅದಕ್ಕೆ.

ಮಾರ್ಚ್ ೨೮, ಶುಕ್ರವಾರ

ಮಾನ ಹೋಯಿತು.

ಅಂಗಿ ತೊಡಿಸಿ ನೋಡಿದರೆ ತೋಳು ಬೆರಳಿನವರೆಗೆ ಬಂದಿದೆ. ಕಾಲರಿನೊಳಗೆ ಇನ್ನೊಂದು ಕುತ್ತಿಗೆಗೆ ಜಾಗವಿದೆ. ಅಣ್ಣನ ಅಂಗಿಯನ್ನು ತಮ್ಮ ಹಾಕಿಕೊಂಡ ಹಾಗೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು. ಅವರು ಮಾತ್ರ ಕನ್ನಡಿಯ ಮುಂದೆ ನಿಂತು, "ಗಾಳಿ ಚೆನ್ನಾಗಿ ಆಡುತ್ತೆ" ಎಂದರು.

"ಆ ದರ್ಜಿಗೆ ಕಣ್ಣಿಲ್ವಾ?" ಎಂದು ಕೂಗಾಡಿದೆ. ಮುಜುಗರ ಬದಿಗಿಟ್ಟು ಅಪ್ಪನ ಟೇಪು ತೆಗೆದು ಅಲ್ಲೇ ಅಳೆದೆ. ಕುತ್ತಿಗೆ, ಎದೆ, ತೋಳು, ಒಂದೊಂದೂ ಚೀಟಿಯಲ್ಲಿದ್ದದ್ದಕ್ಕಿಂತ ಕಮ್ಮಿ ಬಂತು. "ನೋಡಿ, ಎಲ್ಲಾ ತಪ್ಪು ಬರ್ದಿದ್ದಾನೆ!" ಎಂದೆ. ಅವರು ಟೇಪನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಹೊರಟು, ತೋಳು ಮಡಚತೊಡಗಿದರು.

"ನಂಗಿದೇ ಇರ್ಲಿ, ಇಷ್ಟ ಆಯ್ತು" ಎಂದರು. ಸುಳ್ಳು ಹೇಳಲು ಬರದವರು ಹೇಳಿದರೆ ಹೀಗೆಯೇ, ಕಿವಿ ಕೆಂಪಾಗುತ್ತದೆ. ನಾಳೆ ಹೊಸ ಬಟ್ಟೆ ತಂದು ಇನ್ನೊಂದು ಹೊಲಿಯುತ್ತೇನೆ.

ಮಾರ್ಚ್ ೨೯, ಶನಿವಾರ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಬಟ್ಟೆ ಅಂಗಡಿಗೆ ಹೋದೆ. ತಿಳಿನೀಲಿಯಲ್ಲಿ ಅದೇ ಥಾನು ಇತ್ತು. ಅವನು ಅಳೆದು ಕತ್ತರಿಸಿದ. ಈ ಸಲ ಮನೆಗೆ ಹೋಗಿ ವಾಪಸು ಬರುವ ಕೆಲಸ ಬೇಡವೆಂದು ಅಪ್ಪನ ಟೇಪನ್ನು ಜೊತೆಗೇ ಒಯ್ದಿದ್ದೆ. ಅಲ್ಲೇ ಅಳೆದೆ. ಕಮ್ಮಿ! "ಈಗೇನಂತೀಯಪ್ಪಾ?" ಎಂದೆ, ಅಂಗಡಿಯಲ್ಲಿದ್ದ ನಾಲ್ಕು ಜನರಿಗೂ ಕೇಳುವ ಹಾಗೆ.

ಅವನು ನನ್ನ ಕೈಯಿಂದ ಟೇಪು ತೆಗೆದುಕೊಂಡ. ಬಟ್ಟೆ ಅಳೆಯುವ ಕಬ್ಬಿಣದ ಪಟ್ಟಿಯನ್ನು ಹಲಗೆಯ ಮೇಲಿಟ್ಟು, ಪಕ್ಕದಲ್ಲಿ ನನ್ನ ಟೇಪನ್ನು ಬಿಡಿಸಿ ಹಾಸಿದ. ಮೊದಲ ಗೆರೆ ಮೊದಲ ಗೆರೆಗೆ ಸರಿಯಾಗಿತ್ತು. ಮುಂದೆ ಹೋಗುತ್ತಾ ಹೋಗುತ್ತಾ ನನ್ನ ಟೇಪಿನ ಗೆರೆಗಳು ಪಟ್ಟಿಯ ಗೆರೆಗಳನ್ನು ದಾಟಿ ಆಚೆ ಸರಿದವು. ಕೊನೆಗೆ ಬರುವಷ್ಟರಲ್ಲಿ ಸುಮಾರು ಎರಡು ಬೆರಳು ಅಂತರ.

"ಎಳ್ದೂ ಎಳ್ದೂ ಉದ್ದ ಆಗಿದೆಯಮ್ಮಾ. ಎಷ್ಟು ವರ್ಷದ್ದು ಇದು?" ಎಂದ. ದನಿಯಲ್ಲಿ ಗೆದ್ದ ಗರ್ವವೂ ಇರಲಿಲ್ಲ. ಅದೇ ಕಷ್ಟವಾಯಿತು.

ಅಪ್ಪನ ಕಾಲದ್ದು. ಅಪ್ಪನ ಕೊರಳಲ್ಲಿ, ಆಮೇಲೆ ನನ್ನ ಕೊರಳಲ್ಲಿ. ಬಟ್ಟೆಯ ಟೇಪು, ಬೆವರು ಕುಡಿದಿದೆ, ಇಸ್ತ್ರಿಯ ಹಬೆ ಕುಡಿದಿದೆ. ಇಷ್ಟು ವರ್ಷ ಹೇಗೆ ಗೊತ್ತಾಗಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಗೊತ್ತಾಗುವುದಾದರೂ ಹೇಗೆ? ಗಿರಾಕಿಯನ್ನು ಅಳೆಯುವುದು ಇದೇ ಟೇಪಿನಲ್ಲಿ, ಬಟ್ಟೆ ಕತ್ತರಿಸುವುದೂ ಇದೇ ಟೇಪಿನಲ್ಲಿ. ತಪ್ಪಿಗೆ ತಪ್ಪು ಸರಿಹೋಗಿ ಅಂಗಿ ಮೈಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಬಟ್ಟೆ ಅಂಗಡಿಯವನದನ್ನು ಬಿಟ್ಟರೆ ಹೊರಗಿನವರ ಅಳತೆ ನನ್ನ ಮನೆಯೊಳಗೆ ಬಂದದ್ದು ಎರಡೇ ಸಲ. ಒಂದು ಆ ಅಂಗಿ.

ಇನ್ನೊಂದು ಆ ಮೇಜು.

ಬೀದಿಯಲ್ಲೇ ನಿಂತುಬಿಟ್ಟೆ. ಆಮೇಲೆ ವಾಪಸು ಓಡಿ ಹೋಗಿ ಅಂಗಡಿಯವನ ಹತ್ತಿರ ಹೊಸ ಟೇಪು ಕೊಂಡೆ. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಗಂಟುಗಳನ್ನು ಎಳೆದುಹಾಕಿ ಉತ್ತರದ ಗೋಡೆ ಅಳೆದೆ. ಬಾಗಿಲಿನಿಂದ ಗೋಡೆ ಬೀರುವಿನವರೆಗೆ. ಎರಡನೇ ಸಲ ಅಳೆದೆ.

ಮೇಜು ಕೂರುತ್ತದೆ. ಕೂತು, ಪಕ್ಕದಲ್ಲಿ ಕೈ ತೂರುವಷ್ಟು ಜಾಗವೂ ಮಿಗುತ್ತದೆ.

ಅಲ್ಲೇ ಒಂದು ಗಂಟಿನ ಮೇಲೆ ಕೂತು ಅತ್ತೆ. ಯಾಕೆಂದು ಕೇಳಿದರೆ ಹೇಳಲು ಬಾರದು. ಸಂತೋಷವಾಗಿತ್ತು. ತಿಂಗಳ ಹಿಂದೆ ಇದೇ ಗೋಡೆ ಸಾಲದು ಅಂದಾಗ, ಹೊರಗಿನವನು ಬರುವುದು ತಪ್ಪಿತೆಂದು ನನಗೆ ಒಳಗೊಳಗೇ ಒಂದು ನಿರಾಳ ಆಗಿತ್ತಲ್ಲ, ಅದೂ ನೆನಪಾಯಿತು. ಈಗ ಅದನ್ನು ಹುಡುಕಿದರೆ ಸಿಗಲಿಲ್ಲ.

ನಾಳೆ ಮುಂಗಡ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಾಗವಾಗಿ ನಡೆದುಹೋಗುತ್ತದೆ. ಫ್ಲ್ಯಾಟಿದೆ, ಬ್ರೆಡ್ಡಿನ ವಾಸನೆಯಿದೆ. ಆದರೆ ಆಗಲ್ಲ. ಅಡುಗೆಮನೆಗೆ ಹೋದೆ. ಅಕ್ಕ ಬಟಾಣಿ ಸುಲಿಯುತ್ತಿದ್ದಳು.

"ಅಕ್ಕಾ, ಟೇಪು ತಪ್ಪು. ಮೇಜು ಕೂರುತ್ತೆ. ಈ ಮನೆ ಮಾರೋದು ನಂಗಿಷ್ಟ ಇಲ್ಲ. ಇಲ್ಲೇ ಇರಿ, ಇಬ್ರೂ."

ಅಕ್ಕನ ಕೈಯಲ್ಲಿದ್ದ ಬಟಾಣಿಯೆಲ್ಲ ಪಾತ್ರೆಗೆ ಬೀಳದೆ ನೆಲಕ್ಕೆ ಚೆಲ್ಲಿತು. "ನಿಂಗೆ ಮಾರೋ ಆಸೆ ಇದೆ ಅಂದ್ಕೊಂಡಿದ್ದೆ ಕಣೇ. ಇಷ್ಟು ವರ್ಷ ನನ್ನ ಜೊತೆ ಏಗಿ ಸಾಕಾಗಿದೆ, ಒಬ್ಳೇ ಹಾಯಾಗಿರ್ತಾಳೆ ಅಂದ್ಕೊಂಡೆ" ಎಂದಳು.

"ಸಾಕಾಗಿರೋದು ನಿಜ" ಎಂದೆ. ಇಬ್ಬರೂ ನೆಲದ ಮೇಲೆ ಕೂತು ಬಟಾಣಿ ಹೆಕ್ಕಿದೆವು. ಅಳು ಯಾವುದು, ನಗು ಯಾವುದು ಗೊತ್ತಾಗದ ಹಾಗಿತ್ತು.

ಮಾರ್ಚ್ ೩೦, ಭಾನುವಾರ

ನರ್ಸಮ್ಮನಿಗೆ ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲವೆಂದು ಬೆಳಿಗ್ಗೆ ಅವರ ಮನೆಗೇ ಹೋಗಿ ಹೇಳಿದೆ. ಅವಳು ಮುಖ ಗಂಟಿಕ್ಕಿಕೊಂಡಳು. "ಮಕ್ಕಳು ಆಗ್ಲೇ ಕೋಣೆ ಹಂಚ್ಕೊಂಡಿದ್ರು ಕಣ್ರೀ. ಅಷ್ಟು ಚೆನ್ನಾಗಿ ತೋರಿಸಿದ್ದು ಯಾಕೆ ಮತ್ತೆ?" ಎಂದಳು. ತಪ್ಪಾಯ್ತಮ್ಮಾ ಎಂದೆ. ಅವಳು ಬೈದಷ್ಟನ್ನೂ ಕೇಳಿಸಿಕೊಂಡೆ, ಅದು ನನಗೆ ಬರಬೇಕಾದ್ದೇ. ದಲ್ಲಾಳಿ ಮಾತ್ರ ಮೊದಲ ಬಾರಿಗೆ ಯಾವುದನ್ನೂ ಸೂಪರ್ ಅನ್ನಲಿಲ್ಲ.

ಮಧ್ಯಾಹ್ನ ಕನ್ನಡಕದವರು ಬಂದರು. ಅಕ್ಕ ಹೇಳಲಿ ಎಂದು ಕಾದೆ, ಅಕ್ಕ ನಾನು ಹೇಳಲಿ ಎಂದು ಕಾದಳು. ಕೊನೆಗೆ ನಾನೇ ಅವರನ್ನು ಕತ್ತರಿ ಕೋಣೆಗೆ ಕರೆದುಕೊಂಡು ಹೋದೆ. ಗಂಟುಗಳೆಲ್ಲ ಆಚೆ ಹೋಗಿ, ಕಿಟಕಿಯ ಬೆಳಕು ಗೋಡೆಯ ಬುಡದವರೆಗೂ ಬಿದ್ದಿತ್ತು. ಟೇಪಿನ ಕಥೆ ಪೂರ್ತಿ ಹೇಳಿದೆ. "ಅದಕ್ಕೇ ಅಂಗಿ ಹಾಗಾಯ್ತು. ಮೇಜು ಇಲ್ಲಿ ಕೂರುತ್ತೆ. ಬೇಕಾದ್ರೆ ನೀವೇ ಅಳೆದು ನೋಡಿ" ಎಂದು ಹೊಸ ಟೇಪು ಚಾಚಿದೆ.

ಅವರು ಕೈ ನೀಡಲಿಲ್ಲ.

"ಅಳೆದಿದ್ದೆ" ಎಂದರು. "ಅವತ್ತು ನೀವು ಟೀ ತರೋಕೆ ಹೋದಾಗ. ನನ್ನ ಜೇಬಲ್ಲಿ ಸ್ಟೀಲ್ ಟೇಪ್ ಇರುತ್ತೆ."

"ಗುಂಡಿ?"

"ಗುಂಡಿ ಆಮೇಲೆ ಸಿಕ್ಕಿದ್ದು."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಗೊತ್ತಿದ್ದೂ ನಂಗೂ ಹೇಳ್ಲಿಲ್ವಾ?" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

"ಹೇಗೆ ಹೇಳ್ಲಿ? ನಾನು ಈ ಮನೆಗೆ ಬರೋದು ಇವ್ರಿಗೆ ಬೇಡ, ಅದನ್ನ ಮರ್ಯಾದೆಯಾಗಿ ಹೇಳೋಕೆ ಗೋಡೆ ಸಾಲಲ್ಲ ಅಂದಿದ್ದಾರೆ ಅಂದ್ಕೊಂಡೆ. ಬೇಡ ಅಂದೋರ ಮನೇಲಿ ಅಳತೆ ತೋರ್ಸಿ ಜಗಳ ಗೆದ್ದು ಬಂದು ಕೂರೋಕಾಗುತ್ತಾ? ನೀನೂ ಅವ್ರೂ ಎದುರುಬದುರು ನಿಲ್ಲೋ ಹಾಗಾಗ್ಬಾರ್ದು ಅನ್ನಿಸ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ರೀ, ನಂಗೆ ಬೇಡ ಅಂದ್ರೆ ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ! ಮರ್ಯಾದೆಯಾಗಿ ಹೇಳೋಳು ಅಂತ ನನ್ನ ಬಗ್ಗೆ ಯಾರಾದ್ರೂ ಹೇಳಿದ್ರಾ ನಿಮಗೆ? ಬೀದೀಲಿ ಯಾರನ್ನಾದ್ರೂ ಕೇಳಿ!"

"ಹೌದು, ಇವ್ಳಿಗೆ ಅದೆಲ್ಲ ಬರಲ್ಲ" ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತಾ.

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಹಾಗಾದ್ರೆ ನೀವೇ ಒಂದ್ಸಲ ಹೇಳ್ಬಿಡಿ" ಎಂದರು. "ಜಾಗ ಇದೆ ಅಂತ."

"ಜಾಗ ಇದೆ" ಎಂದೆ. "ಬೇಕಾದಷ್ಟಿದೆ."

ಗೇಟಿಗೆ ಹೋಗಿ ಹಲಗೆ ಬಿಚ್ಚಿ ತಂದೆ.

ಏಪ್ರಿಲ್ ೬, ಭಾನುವಾರ

ಮೇಜು ಬಂತು. ಆರು ಜನ ಹೊತ್ತು, ಹಜಾರದ ಬಾಗಿಲಿಗೆ ಒಂದು ಗೀರು ಹಾಕಿ, ತಂದು ಕೂರಿಸಿದರು. ಒಂದು ಕಾಲು ಆಡುತ್ತಿತ್ತು. ಮಾರಾಟದ ಹಲಗೆಯನ್ನು ಕೊಯ್ದು ಅಡಿಗಿಟ್ಟಿದ್ದಾಯಿತು.

ನರ್ಸಮ್ಮನಿಗೆ ಎರಡು ಬೀದಿ ಆಚೆ ಮನೆ ಸಿಕ್ಕಿದೆಯಂತೆ, ಮಹಡಿ ಮನೆ. ಪರದೆ ಹೊಲಿದುಕೊಡುತ್ತೇನೆಂದು ನಾನೇ ಹೇಳಿಕಳಿಸಿದೆ. "ಅಳತೆಗೆ ಹೊಸ ಟೇಪು ತನ್ನಿ" ಎಂದು ಉತ್ತರ ಬಂತು. ಸುದ್ದಿ ಹರಡಿಬಿಟ್ಟಿದೆ. ಬಟ್ಟೆ ಅಂಗಡಿಯವನಿಗೆ ಒಂದು ಒಳ್ಳೆಯ ಅಂಗಿ ಹೊಲಿದು ಕೊಟ್ಟೆ. ನಗುತ್ತಾ ತೆಗೆದುಕೊಂಡ. ಇನ್ನು ಜಗಳಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕು.

ಅಪ್ಪನ ಟೇಪನ್ನು ಬಿಸಾಡಲು ಮನಸ್ಸಾಗಲಿಲ್ಲ. ತುಂಡುಬಟ್ಟೆಯ ದೊಡ್ಡ ಗಂಟಿಗೆ ಕಟ್ಟಿದ್ದೇನೆ. ಕಟ್ಟುವುದಕ್ಕೆ ಅದು ಚೆನ್ನಾಗಿಯೇ ಇದೆ.

ಏಪ್ರಿಲ್ ೧೭, ಗುರುವಾರ

ಮದುವೆಯಾಯಿತು. ಅಕ್ಕ ರುಜು ಹಾಕುವಾಗ ಅಳುಕದೆ ಹಾಕಿದಳು, ಅಂಚೆ ಕಚೇರಿಯ ಅಭ್ಯಾಸ. ತಪ್ಪು ಸಾಲಿಗೆ ಹೋದದ್ದು ಸಾ‌ಕ್ಷಿ ಎಂದು ನಾನು ಹಾಕಿದ ರುಜು.

ಹೊಸ ಟೇಪಿನಲ್ಲಿ ಅಳೆದು ಹೊಲಿದ ಎರಡನೇ ಅಂಗಿ ಇಸ್ತ್ರಿಯಾಗಿ ತೂಗುತ್ತಿತ್ತು. ಆದರೂ ಆ ದೊಗಲೆ ಅಂಗಿಯನ್ನೇ ತೋಳು ಮಡಚಿ ಹಾಕಿಕೊಂಡು ಬಂದರು. ನಾನು ಹಲ್ಲು ಕಡಿದೆ. "ಮದುವೆಗೆ ಅಂತ ಹೊಲಿದಿದ್ದು ಇದನ್ನೇ ಅಲ್ವಾ" ಎಂದರು. ಇವರ ಜೊತೆ ಜಗಳವಾಡಲು ಆಗುವುದಿಲ್ಲ ಎಂದು ಬರೆದಿದ್ದೆನಲ್ಲ, ತಪ್ಪು. ಮೇಜು ಬಂದಾಗಿನಿಂದ ಅವರು ಬೆಳಗಾದರೆ ಕೆಲಸಕ್ಕೆ ಇಲ್ಲಿ ಹಾಜರು, ದಿನಾ ಅಡುಗೆಮನೆಯ ಕಿಟಕಿಯ ಹತ್ತಿರ ಮೂವರೂ ಆಡುತ್ತೇವೆ. ಪೇಪರಿನ ಯಾವ ಹಾಳೆ ಯಾರಿಗೆ ಎಂದು.

ಈ ಡೈರಿಯಲ್ಲಿ ಇನ್ನೂ ಬಹಳ ಹಾಳೆ ಉಳಿದಿದೆ. ಬರೆಯಲು ಪುರುಸೊತ್ತಿಲ್ಲ. ಈಗಲೂ ಮಿಷಿನ್ನಿನಿಂದ ಕುತ್ತಿಗೆ ವಾಲಿಸಿದರೆ ನಿಂಬೆಗಿಡ ಕಾಣುತ್ತದೆ. ಎದುರು ಕೋಣೆಯಿಂದ ಗಾಜು ಉಜ್ಜುವ ಸದ್ದು ಬರುತ್ತಿದೆ.

ಎರಡನೇ ಅಂಗಿ ಸಂಜೆ ತೊಡಿಸಿ ನೋಡಿದೆ. ಹೆಗಲಿಗೆ ಹೆಗಲು, ಕುತ್ತಿಗೆಗೆ ಕುತ್ತಿಗೆ, ಒಂದೆಳೆ ಆಚೀಚೆ ಇಲ್ಲ. ಆದರೂ ಎರಡೂ ಪಕ್ಕದಲ್ಲಿ ಒಳಗೆ ಚೆನ್ನಾಗಿ ಬಟ್ಟೆ ಬಿಟ್ಟು ಹೊಲಿದಿದ್ದೇನೆ. ಅಕ್ಕನ ಕೈಯ ಊಟ ಮಾಡಿ ಒಂದೆರಡು ವರ್ಷದಲ್ಲಿ ಭಾವ ದಪ್ಪಗಾಗುತ್ತಾರೆ, ಆಗ ಬಿಚ್ಚಿ ದೊಡ್ಡದು ಮಾಡಿಕೊಡಬೇಕು.